ಎಲ್ಲರೂ ಹೋಗಬಹುದಾದ ಯಾತ್ರೆ
(ಸೋಮನೂರಿನಲ್ಲಿ ವಿದ್ಯಾರ್ಥಿಗಳ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸೋಮನೂರು ಮಗ್ಗಗಳ ಊರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಹಗಲಿರುಳೂ ಮಗ್ಗದ ಸದ್ದು. ಇದು ನಮ್ಮ ಅನೇಕ ಕುಟುಂಬಗಳ ಬಾಳು. ವರ್ಷವೆಲ್ಲ ಈ ಸದ್ದಿನ ನಡುವೆ ದುಡಿಯುವ ನಮಗೆ ವರ್ಷಕ್ಕೊಮ್ಮೆ ಊರು ಬಿಟ್ಟು ಹೊರಡುವುದೆಂದರೆ ಎಷ್ಟು ಸಂತೋಷವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಪಳನಿಗೆ ಹೋಗುತ್ತೇವೆ, ಅವಿನಾಶಿಗೂ ಪೇರೂರಿಗೂ ಹೋಗುತ್ತೇವೆ, ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಾಟಿನ ಇಪ್ಪತ್ತೇಳು ತಿರುವುಗಳನ್ನು ಹತ್ತಿ, ಚಾಮರಾಜನಗರದ ಮಾರ್ಗವಾಗಿ ಮೈಸೂರನ್ನು ಕಾಣುತ್ತೇವೆ. ಪೂರ್ವಿಕರು ಬಿಟ್ಟು ಬಂದ ನಾಡನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆಯೂ ಇಂತಹ ಪ್ರಯಾಣಗಳಲ್ಲಿ ಸೇರಿರುತ್ತದೆ. ಪಾಠಶಾಲೆಗಳಲ್ಲಿಯೂ ವಾರ್ಷಿಕ ಪ್ರವಾಸವು ಶಿಕ್ಷಣದ ಒಂದು ಅಂಗವೆಂದೇ ಎಣಿಸಲ್ಪಟ್ಟಿದೆ.

ಆದರೆ ಗಾಡಿ ಹೊರಡುವ ಬೆಳಗ್ಗೆ ಪ್ರತಿಯೊಂದು ಬೀದಿಯಲ್ಲಿಯೂ ಹಿಂದೆ ಉಳಿಯುವವರು ಕೆಲವರಿದ್ದಾರೆ. ಕಾಲಿನಲ್ಲಿ ಬಲವಿಲ್ಲದ ಹುಡುಗ, ಕಣ್ಣು ಕಾಣದ ಹುಡುಗಿ, ಪಾರ್ಶ್ವವಾಯು ತಗುಲಿದ ಅಜ್ಜ, ಗದ್ದಲವನ್ನು ತಾಳಲಾರದ ಮಗು. ಅವರನ್ನು ನಾವು ಬೇಡವೆನ್ನುವುದಿಲ್ಲ. "ನಿನಗೆ ಕಷ್ಟವಾಗುತ್ತದೆ ಕಣಪ್ಪ" ಎನ್ನುತ್ತೇವೆ. "ಮನೆ ಕಾಯುವುದಕ್ಕೂ ಒಬ್ಬರು ಬೇಕಲ್ಲ" ಎನ್ನುತ್ತೇವೆ. ಬರುವಾಗ ಪ್ರಸಾದವನ್ನೂ ಒಂದು ಆಟದ ಸಾಮಾನನ್ನೂ ತರುತ್ತೇವೆ. ಈ ಮಾತುಗಳಲ್ಲಿ ಪ್ರೀತಿಯಿಲ್ಲವೆಂದು ಹೇಳಲಾಗದು. ಆದರೂ ವರ್ಷವರ್ಷವೂ ಮನೆ ಕಾಯುವವರು ಅವರೇ ಏಕೆ ಆಗಬೇಕೆಂಬ ಪ್ರಶ್ನೆಯನ್ನು ನಾವು ಕೇಳಿಕೊಂಡದ್ದು ಕಡಿಮೆ. ಆ ಪ್ರಶ್ನೆಯನ್ನು ಇಂದು ಈ ಸಭೆಯ ಮುಂದೆ ಇಡಬೇಕೆಂದಿದ್ದೇವೆ.

ಇದು ನಾಲ್ಕಾರು ಮನೆಗಳ ವಿಷಯವೆಂದು ಯಾರೂ ತಿಳಿಯಬಾರದು. 2011ರ ಜನಗಣತಿಯಂತೆ ಭಾರತದಲ್ಲಿ ಅಂಗವೈಕಲ್ಯವುಳ್ಳವರು 2 ಕೋಟಿ 68 ಲಕ್ಷ ಮಂದಿ. ಅಂದರೆ ನೂರಕ್ಕೆ ಇಬ್ಬರಿಗಿಂತ ಸ್ವಲ್ಪ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ ಗಣನೀಯ ಅಂಗವೈಕಲ್ಯವುಳ್ಳವರು ಜಗತ್ತಿನಲ್ಲಿ ಸುಮಾರು 130 ಕೋಟಿ, ಎಂದರೆ ಆರು ಜನರಲ್ಲಿ ಒಬ್ಬರು, ಎಂದು ಅಂದಾಜು ಮಾಡಿದೆ. ಎರಡು ಲೆಕ್ಕಗಳಿಗೂ ಇಷ್ಟು ಅಂತರವಿರುವುದಕ್ಕೆ ಯಾರನ್ನು, ಹೇಗೆ ಎಣಿಸಬೇಕೆಂಬುದರಲ್ಲಿರುವ ಭೇದವೇ ಮುಖ್ಯ ಕಾರಣ. ಇದರೊಡನೆ ಮಂಡಿನೋವಿನ ಅಜ್ಜಿ, ಬಸುರಿ ಹೆಂಗಸು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡ ತಾಯಿ, ಕಾಲು ಮುರಿದು ಕಟ್ಟು ಹಾಕಿಸಿಕೊಂಡ ತರುಣ ಇವರನ್ನೂ ಸೇರಿಸಿದರೆ, ಮೆಟ್ಟಿಲನ್ನು ಕಂಡು ಹಿಂಜರಿಯುವವರಿಲ್ಲದ ಮನೆಯೇ ಇಲ್ಲವೆನ್ನಬೇಕಾಗುವುದು. ಇಂದು ಗಟ್ಟಿಯಾಗಿರುವ ನಾವೂ ಆಯುಸ್ಸಿದ್ದರೆ ನಾಳೆ ಅವರ ಸಾಲಿಗೆ ಸೇರತಕ್ಕವರೇ.

ಹೆಸರಿನ ವಿಷಯವಾಗಿ ಒಂದು ಮಾತು. ಹಿಂದೆ ಕುಂಟ, ಕುರುಡ, ಹೆಳವ ಎಂದು ಕೂಗುತ್ತಿದ್ದರು. ಅದು ತಪ್ಪೆಂದು ತಿಳಿದ ಮೇಲೆ ಅಂಗವಿಕಲರು ಎಂದೆವು, ಕರ್ನಾಟಕದಲ್ಲಿ ವಿಕಲಚೇತನರೆಂಬ ಮಾತು ಬಂದಿತು, ತಮಿಳಿನಲ್ಲಿ ಮಾಟ್ರುತ್ತಿರನಾಳಿಗಳೆನ್ನುತ್ತಾರೆ, ಹಿಂದಿಯಲ್ಲಿ ದಿವ್ಯಾಂಗರೆಂದು ಕರೆಯುವುದೂ ಬಳಕೆಗೆ ಬಂದಿದೆ. ಸಭ್ಯವಾದ ಹೆಸರು ಅಗತ್ಯ. ಆದರೆ ಹೆಸರು ಬದಲಾದ ಮಾತ್ರಕ್ಕೆ ಬಾಗಿಲಿನ ಮುಂದಿನ ಮೂರು ಮೆಟ್ಟಿಲು ಕರಗುವುದಿಲ್ಲ. ದೋಷವು ಮನುಷ್ಯನ ಕಾಲಿನಲ್ಲಿದೆಯೋ, ಕಟ್ಟಿದ ಮೆಟ್ಟಿಲಿನಲ್ಲಿದೆಯೋ ಎಂಬುದನ್ನು ಯೋಚಿಸಿ ನೋಡಿದಾಗ ಮಾತ್ರ ನಮ್ಮ ದೃಷ್ಟಿ ಬದಲಾಗುವುದು.

ಪ್ರಯಾಣವೆಂಬುದು ಒಂದೇ ಕೆಲಸವಲ್ಲ. ಅನೇಕ ಕೆಲಸಗಳ ಸರಣಿ. ಮನೆಯ ಹೊಸ್ತಿಲು, ಬೀದಿ, ಬಸ್ಸಿನ ಮೆಟ್ಟಿಲು, ರೈಲು ನಿಲ್ದಾಣದ ಸೇತುವೆ, ವಸತಿಗೃಹದ ಕೋಣೆ, ಶೌಚಾಲಯ, ಊಟದ ಸ್ಥಳ, ಕಡೆಗೆ ನೋಡಬೇಕಾದ ದೇವಾಲಯ ಅಥವಾ ಉದ್ಯಾನ. ಹೊಕ್ಕಿನ ಒಂದು ನೂಲು ಕಡಿದರೆ ಮಗ್ಗವೇ ನಿಲ್ಲುವುದನ್ನು ನಾವೆಲ್ಲ ಬಲ್ಲೆವು. ಹಾಗೆಯೇ ಈ ಸರಣಿಯಲ್ಲಿ ಒಂದು ಕಡೆ ಅಡಚಣೆಯಾದರೆ ಉಳಿದುದೆಲ್ಲ ಅನುಕೂಲವಾಗಿದ್ದರೂ ಪ್ರವಾಸ ನಡೆಯದು. ಗಾಲಿಕುರ್ಚಿ ಹೋಗುವಷ್ಟು ಅಗಲವಾದ ಬಾಗಿಲಿನ ಶೌಚಾಲಯವಿಲ್ಲವೆಂಬ ಒಂದೇ ಕಾರಣದಿಂದ ಹಿಂದಿನ ದಿನದಿಂದಲೇ ನೀರು ಕುಡಿಯದೆ ಪ್ರಯಾಣ ಮಾಡುವ ಹೆಂಗಸರು ನಮ್ಮ ದೇಶದಲ್ಲಿದ್ದಾರೆ. ಇಂತಹ ಸಂಗತಿಗಳು ಪ್ರವಾಸದ ಜಾಹೀರಾತುಗಳಲ್ಲಿ ಕಾಣುವುದಿಲ್ಲ.

ಈಗ ಕಾನೂನಿನ ಮಾತು. ವಿಶ್ವಸಂಸ್ಥೆಯು 2006ರಲ್ಲಿ ಅಂಗವೈಕಲ್ಯವುಳ್ಳವರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 2007ರಲ್ಲಿ ಅದನ್ನು ಒಪ್ಪಿತು. ಅದರ 30ನೆಯ ವಿಧಿಯಲ್ಲಿ ನಾಟಕ, ವಸ್ತುಸಂಗ್ರಹಾಲಯ, ಸ್ಮಾರಕ, ಕ್ರೀಡೆ, ಪ್ರವಾಸ ಇವುಗಳಲ್ಲಿ ಭಾಗವಹಿಸುವುದೂ ಹಕ್ಕೆಂದು ಹೇಳಿದೆ. ಅನ್ನ, ಔಷಧ, ಉದ್ಯೋಗ ಇವು ಹಕ್ಕುಗಳೆಂದು ಒಪ್ಪುವುದು ಸುಲಭ. ಸಂತೋಷವೂ ಹಕ್ಕೆಂದು ಒಪ್ಪಿದುದು ದೊಡ್ಡ ಸಂಗತಿ. ನಮ್ಮಲ್ಲಿ 1995ರ ಕಾಯಿದೆಯ ಸ್ಥಾನದಲ್ಲಿ 2016ರ ಹೊಸ ಕಾಯಿದೆ ಬಂದು 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಹಿಂದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿದ್ದ ಕಡೆ ಈಗ ಇಪ್ಪತ್ತೊಂದನ್ನು ಗುರುತಿಸಲಾಗಿದೆ. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಎಲ್ಲರಿಗೂ ಸುಗಮವಾಗುವಂತೆ ಮಾಡಬೇಕೆಂದು ಕಾಯಿದೆಯಲ್ಲಿ ಬರೆದಿದೆ. ನಿಯಮಗಳು 2017ರಲ್ಲಿ ಪ್ರಕಟವಾದವು. ಗಡುವು 2022ರಲ್ಲಿ ಕಳೆಯಿತು. ಕೆಲಸ ಎಷ್ಟಾಗಿದೆಯೆಂಬುದನ್ನು ತಮ್ಮ ತಮ್ಮ ಊರಿನ ಕಚೇರಿಗಳ ಮೆಟ್ಟಿಲುಗಳನ್ನು ನೋಡಿ ತಾವೇ ನಿರ್ಣಯಿಸಬಹುದು. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಸೌಕರ್ಯಗಳ ಮಟ್ಟವು ಕೇವಲ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾದ ನಿಯಮವಾಗಬೇಕು ಎಂದು ತೀರ್ಪಿತ್ತಿತು. ಮುಂದಿನ ಕಾಲದ ಬುನಾದಿ ಈ ತೀರ್ಪಿನಲ್ಲಿದೆಯೆಂದು ನಾವು ಭಾವಿಸುತ್ತೇವೆ.

ಕಾಯಿದೆಯ ಜೊತೆಗೆ ಗೌರವದ ಪ್ರಶ್ನೆಯೂ ಉಂಟು. 2012ರಲ್ಲಿ ಕೊಲ್ಕತ್ತೆಯಲ್ಲಿ ಜೀಜಾ ಘೋಷ್ ಎಂಬ ಮಹಿಳೆಯನ್ನು, ಮೆದುಳಿನ ಪಾರ್ಶ್ವವಾಯುವಿನಿಂದ ಅವರ ನಡೆನುಡಿ ಭಿನ್ನವಾಗಿದ್ದುದರಿಂದ, ವಿಮಾನದಿಂದ ಕೆಳಗಿಳಿಸಿದರು. ಅವರು ಅಂಗವೈಕಲ್ಯದ ವಿಷಯವಾಗಿಯೇ ನಡೆಯುವ ಒಂದು ಸಮ್ಮೇಳನಕ್ಕೆ ಹೊರಟಿದ್ದರು. ಅವರು ಸುಮ್ಮನಿರದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ನ್ಯಾಯಾಲಯವು ಹತ್ತು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹಣಕ್ಕಿಂತಲೂ ಹೆಚ್ಚಿನದು, ಟಿಕೆಟ್ಟು ಕೊಂಡ ಪ್ರಯಾಣಿಕರೆಲ್ಲರೂ ಸಮಾನರೆಂಬ ತತ್ವವು ಸ್ಥಿರಪಟ್ಟದ್ದು.

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುವ ಪದ್ಧತಿಯಿದೆ. ಇದರಿಂದ ಗೊಮ್ಮಟನ ದರ್ಶನ ಪಡೆದ ವೃದ್ಧರು ಲೆಕ್ಕವಿಲ್ಲದಷ್ಟು ಮಂದಿ. ಹೊರುವವರ ಶ್ರಮಕ್ಕೆ ನಾವು ತಲೆಬಾಗಬೇಕು. ಆದರೆ ಇನ್ನೊಬ್ಬರ ಹೆಗಲಿನ ಮೇಲೆ ಹೋಗುವುದಕ್ಕೆ ಸಂಕೋಚಪಟ್ಟು ಕೆಳಗೇ ಕುಳಿತುಬಿಡುವವರೂ ಇರುತ್ತಾರೆ. ಇದಕ್ಕೆ ಹೋಲಿಸಿ ನಮ್ಮ ಪಳನಿಯನ್ನು ನೋಡಿ. ಸುಮಾರು ಏಳುನೂರು ಮೆಟ್ಟಿಲುಗಳ ಆ ಬೆಟ್ಟಕ್ಕೆ ವಿಂಚ್ ಎಂಬ ಹಳಿಯ ಗಾಡಿಯೂ, ತಂತಿಯ ಮೇಲೆ ತೂಗಿ ಹೋಗುವ ರೋಪ್‌ವೇಯೂ ಇವೆ. ಕಾಲು ಗಟ್ಟಿಯಿರುವವನೂ ಟಿಕೆಟ್ಟು ಕೊಂಡು ಅದರಲ್ಲಿ ಕೂರುತ್ತಾನೆ, ಕಾಲಿಲ್ಲದವನೂ ಕೂರುತ್ತಾನೆ. ವಿಂಚಿನಲ್ಲಿ ಬಂದವನನ್ನು ಯಾರೂ ಅಂಗವಿಕಲನೆಂದು ಬೊಟ್ಟುಮಾಡಿ ತೋರಿಸುವುದಿಲ್ಲ. ಎಲ್ಲರಿಗಾಗಿ ಮಾಡಿದ ಅನುಕೂಲದಲ್ಲಿ ದುರ್ಬಲನೂ ಗೌರವದಿಂದ ಪಾಲುಗೊಳ್ಳುತ್ತಾನೆ. ಭವಿಷ್ಯದ ಪ್ರವಾಸವೆಲ್ಲ ಈ ಮಾದರಿಯಲ್ಲಿರಬೇಕು. ಹಂಪಿಯ ವಿಠ್ಠಲ ದೇವಾಲಯಕ್ಕೆ ಹೋಗುವ ಬ್ಯಾಟರಿ ಗಾಡಿಯೂ, ಮೈಸೂರಿನ ಮೃಗಾಲಯದಲ್ಲಿ ಓಡಾಡುವ ಬ್ಯಾಟರಿ ಗಾಡಿಯೂ ಇದೇ ಜಾತಿಗೆ ಸೇರಿದವು.

ಪುರಾತನ ಸ್ಮಾರಕಗಳನ್ನು ಬದಲಾಯಿಸಬಾರದು, ಕಲ್ಲನ್ನು ಒಡೆಯಬಾರದು, ಆದುದರಿಂದ ಅಲ್ಲಿ ಏನೂ ಮಾಡಲಾಗದು ಎಂಬ ಆಕ್ಷೇಪಣೆಯಿದೆ. ಇದಕ್ಕೆ ಉತ್ತರವು 2001ರಲ್ಲಿಯೇ ದೊರೆಯಿತು. ಆ ವರ್ಷದ ಜನವರಿಯಲ್ಲಿ ಪ್ರಸಿದ್ಧ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದರು. ಅವರ ದೇಹದಲ್ಲಿ ಚಲನೆ ಬಹುಮಟ್ಟಿಗೆ ನಿಂತುಹೋಗಿತ್ತು, ಸಂಚಾರವೆಲ್ಲ ಗಾಲಿಕುರ್ಚಿಯಲ್ಲಿ. ಅವರು ಕುತುಬ್ ಮಿನಾರ್, ಜಂತರ್ ಮಂತರ್ ಮುಂತಾದುವನ್ನು ನೋಡಬೇಕೆಂದಾಗ ಪುರಾತತ್ವ ಇಲಾಖೆಯವರು ಮರದ ಇಳಿಜಾರುಗಳನ್ನು ಇರಿಸಿದರು. ಒಂದು ಕಲ್ಲೂ ಒಡೆಯಲಿಲ್ಲ. ಆಗ ಜಾವೇದ್ ಆಬಿದಿ ಮೊದಲಾದ ಹೋರಾಟಗಾರರು ಕೇಳಿದ ಪ್ರಶ್ನೆ ಸರಳವಾಗಿತ್ತು: ಒಬ್ಬ ಮಹಾವಿಜ್ಞಾನಿಗೆ ಸಾಧ್ಯವಾದುದು ನಮ್ಮ ದೇಶದ ಸಾಮಾನ್ಯ ಪ್ರಜೆಗೆ ಏಕೆ ಸಾಧ್ಯವಾಗದು? ತೆಗೆದಿಡಬಹುದಾದ ಇಳಿಜಾರುಗಳಿಂದ ಸ್ಮಾರಕವೂ ಉಳಿಯುತ್ತದೆ, ಮನುಷ್ಯನೂ ಒಳಗೆ ಹೋಗುತ್ತಾನೆ. ದೇವಾಲಯಗಳ ವಿಷಯದಲ್ಲಿ ಹೊರಗಿನ ಗಾಲಿ ಒಳಗೆ ಬರಬಾರದೆಂಬ ಶುದ್ಧಾಚಾರವಿದ್ದರೆ, ದೇವಾಲಯವೇ ಒಳಗೆ ಬಳಸುವುದಕ್ಕೆಂದು ಬೇರೆ ಗಾಲಿಕುರ್ಚಿಗಳನ್ನು ಇಟ್ಟುಕೊಳ್ಳಬಹುದು. ಆಚಾರಕ್ಕೂ ಅನುಕೂಲಕ್ಕೂ ವಿರೋಧವಿರಬೇಕಾಗಿಲ್ಲ.

ಸಮುದ್ರವನ್ನು ಕಾಣುವ ಆಸೆ ಯಾರಿಗಿಲ್ಲ? ಮರಳಿನಲ್ಲಿ ಗಾಲಿಕುರ್ಚಿ ಹೂತುಹೋಗುವುದರಿಂದ ಅಲೆಗಳನ್ನು ದೂರದಿಂದಲೇ ನೋಡಬೇಕಾಗಿದ್ದವರಿಗೆ ಚೆನ್ನೈನ ಮರೀನಾ ತೀರದಲ್ಲಿ 2022ರ ನವೆಂಬರಿನಲ್ಲಿ ಶಾಶ್ವತವಾದ ಮರದ ಹಾದಿಯೊಂದನ್ನು ತೆರೆದರು. ಅದರ ಉದ್ದ 263 ಮೀಟರ್, ಅಗಲ 3 ಮೀಟರ್. ಮುಂದಿನ ತಿಂಗಳೇ ಮಾಂಡೌಸ್ ಚಂಡಮಾರುತದ ಅಲೆಗಳು ಅದರ ತುದಿಯನ್ನು ಕೆಡವಿದವು. ಆಮೇಲೆ ದುರಸ್ತಿ ಮಾಡಲಾಯಿತು. ಇದರಿಂದ ನಾವು ಎರಡು ಪಾಠಗಳನ್ನು ಕಲಿಯಬೇಕು. ಮನಸ್ಸು ಮಾಡಿದರೆ ಮರಳಿನ ಮೇಲೂ ದಾರಿ ಕಟ್ಟಬಹುದು. ಕಟ್ಟಿದ ಮೇಲೆ ಅದನ್ನು ಕಾಪಾಡುವುದು ಇನ್ನೂ ಮುಖ್ಯ. ಉದ್ಘಾಟನೆಯ ದಿನ ಹೂವಿನ ಹಾರ ಹಾಕಿ, ಮರುವರ್ಷ ಅದೇ ಇಳಿಜಾರಿನ ಮೇಲೆ ಸೈಕಲ್ಲುಗಳನ್ನು ನಿಲ್ಲಿಸುವುದು ನಮ್ಮಲ್ಲಿ ಅಪರೂಪವಲ್ಲ.

ಪ್ರವಾಸವೆಂದರೆ ಕಣ್ಣಿನಿಂದ ನೋಡುವುದು ಮಾತ್ರವೆಂದು ತಿಳಿಯುವುದೂ ಸರಿಯಲ್ಲ. ಕಣ್ಣು ಕಾಣದವರು ಕಂಬದ ಕೆತ್ತನೆಯನ್ನು ಕೈಯಿಂದ ತಿಳಿಯುತ್ತಾರೆ. ಕಾಡಿನ ಹಕ್ಕಿಯನ್ನು ಕಿವಿಯಿಂದ ಗುರುತಿಸುತ್ತಾರೆ. ಊರಿನ ಸಂತೆಯನ್ನು ವಾಸನೆಯಿಂದ ಅರಿಯುತ್ತಾರೆ. ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ 2015ರಲ್ಲಿ 'ಅನುಭವ' ಎಂಬ ವಿಭಾಗವನ್ನು ತೆರೆದು, ಪ್ರಾಚೀನ ವಸ್ತುಗಳ ಪ್ರತಿರೂಪಗಳನ್ನು ಮುಟ್ಟಿ ನೋಡುವಂತೆ ಏರ್ಪಡಿಸಿದರು. ಕಿವಿ ಕೇಳಿಸದವರಿಗೆ ಸಂಜ್ಞಾಭಾಷೆ ಬಲ್ಲ ಮಾರ್ಗದರ್ಶಕರೂ, ಸ್ಪಷ್ಟವಾಗಿ ಬರೆದ ಫಲಕಗಳೂ ಬೇಕು. ಗದ್ದಲದಿಂದ ಕಳವಳಗೊಳ್ಳುವ ಮಕ್ಕಳಿಗೆ ಸ್ವಲ್ಪ ಹೊತ್ತು ಕುಳಿತು ಸಮಾಧಾನ ಹೊಂದಲು ಶಾಂತವಾದ ಒಂದು ಮೂಲೆ ಸಾಕು. ಇವುಗಳಲ್ಲಿ ಬಹಳಷ್ಟಕ್ಕೆ ಹಣಕ್ಕಿಂತ ತಿಳಿವಳಿಕೆಯೇ ಹೆಚ್ಚಾಗಿ ಬೇಕಾದದ್ದು.

ಒಬ್ಬ ಮನುಷ್ಯನ ತಿಳಿವಳಿಕೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ವಿದ್ಯಾರ್ಥಿಗಳಿಗೆ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ರೈಲು ನಿಲ್ದಾಣಗಳ ಕಟ್ಟೆಯ ಮೇಲೆ ಉಬ್ಬು ಗೆರೆಗಳೂ ಚುಕ್ಕೆಗಳೂ ಇರುವ ಹಳದಿ ಹಾಸುಬಿಲ್ಲೆಗಳನ್ನು ತಾವು ನೋಡಿರಬಹುದು. ಅವು ಅಲಂಕಾರಕ್ಕಾಗಿ ಹಾಕಿದವಲ್ಲ. ಉದ್ದ ಗೆರೆಯು ಮುಂದೆ ಹೋಗಬಹುದೆಂದೂ, ಚುಕ್ಕೆಯು ಎಚ್ಚರದಿಂದ ನಿಲ್ಲಬೇಕೆಂದೂ ಕಾಲಿಗೆ ಮತ್ತು ಕೋಲಿಗೆ ತಿಳಿಸುತ್ತವೆ. ಜಪಾನಿನ ಸೈಇಚಿ ಮಿಯಾಕೆ ಎಂಬಾತನು 1965ರಲ್ಲಿ ಇವನ್ನು ಕಲ್ಪಿಸಿದನು; 1967ರಲ್ಲಿ ಒಕಾಯಾಮ ನಗರದಲ್ಲಿ ಅಂಧರ ಶಾಲೆಯೊಂದರ ಹತ್ತಿರದ ರಸ್ತೆಯಲ್ಲಿ ಮೊದಲು ಹಾಸಿದರು. ಅಲ್ಲಿಂದ ಹೊರಟ ಆ ಉಬ್ಬುಬಿಲ್ಲೆ ಇಂದು ಲೋಕವನ್ನೆಲ್ಲ ಸುತ್ತಿದೆ. ಇನ್ನು ಮುಂದೆ ಅದರ ಮೇಲೆ ಪೆಟ್ಟಿಗೆಗಳನ್ನು ಇಟ್ಟು ಕುಳಿತುಕೊಳ್ಳುವಾಗ, ಇನ್ನೊಬ್ಬರ ದಾರಿಯನ್ನು ಮುಚ್ಚುತ್ತಿದ್ದೇವೆಂಬುದು ನೆನಪಿನಲ್ಲಿರಲಿ.

"ಇಷ್ಟೆಲ್ಲ ಮಾಡಿದರೆ ಬರುವವರೆಷ್ಟು ಮಂದಿ?" ಎಂದು ಕೆಲವರು ಕೇಳುತ್ತಾರೆ. ದಾರಿಯಿಲ್ಲದ ಕಡೆ ದಾರಿಹೋಕರನ್ನು ಎಣಿಸಿದರೆ ಸೊನ್ನೆಯೇ ಬರುವುದು. ಮೊದಲು ದಾರಿಯಾಗಬೇಕು. ಅಲ್ಲದೆ ಅಂಗವೈಕಲ್ಯವುಳ್ಳವರು ಒಬ್ಬರೇ ಪ್ರಯಾಣ ಮಾಡುವುದು ವಿರಳ. ಅವರೊಡನೆ ಮನೆಮಂದಿಯೂ ಬರುತ್ತಾರೆ. ಒಬ್ಬರಿಗೆ ಬಾಗಿಲು ಮುಚ್ಚಿದ ವಸತಿಗೃಹವು ಇಡೀ ಕುಟುಂಬವನ್ನು ಕಳೆದುಕೊಳ್ಳುತ್ತದೆ. ವ್ಯಾಪಾರ ಬಲ್ಲ ನಮ್ಮವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ.

ಈಗಾಗಲೇ ದೊರೆಯುತ್ತಿರುವ ಅನುಕೂಲಗಳನ್ನು ಪೋಷಕರು ತಿಳಿದಿರುವುದು ಒಳ್ಳೆಯದು. ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿಯನ್ನು ಮಕ್ಕಳ ಹೆಸರಿನಲ್ಲಿ ತಪ್ಪದೆ ಮಾಡಿಸಿಕೊಳ್ಳಬೇಕು. ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದವರಿಗೆ ರೈಲಿನ ಎರಡನೆಯ ದರ್ಜೆ ಮತ್ತು ಮಲಗುವ ದರ್ಜೆಗಳಲ್ಲಿ ಅವರಿಗೂ ಜೊತೆಗಾರರಿಗೂ ನೂರಕ್ಕೆ 75ರಷ್ಟು ರಿಯಾಯಿತಿಯಿದೆ. ಇದಕ್ಕೆ ರೈಲ್ವೆಯವರಿಂದ ಬೇರೆ ಚೀಟಿ ಪಡೆಯಬೇಕು. ತಮಿಳುನಾಡಿನಲ್ಲಿ 2021ರಿಂದ ಸಾಧಾರಣ ದರದ ನಗರ ಬಸ್ಸುಗಳಲ್ಲಿ ಅಂಗವೈಕಲ್ಯವುಳ್ಳವರಿಗೆ ಉಚಿತ ಪ್ರಯಾಣದ ಸೌಲಭ್ಯ ಬಂದಿದೆ. 2024ರಲ್ಲಿ ಚೆನ್ನೈನಲ್ಲಿ ನೆಲಮಟ್ಟಕ್ಕೆ ಇಳಿಯುವ ತಗ್ಗಿನ ಬಸ್ಸುಗಳನ್ನು ಓಡಿಸತೊಡಗಿದರು. ಟಿಕೆಟ್ಟು ಉಚಿತವಾದರೂ ಬಸ್ಸಿನ ಮೆಟ್ಟಿಲು ಎತ್ತರವಾಗಿದ್ದರೆ ಪ್ರಯೋಜನವೇನು? ರಿಯಾಯಿತಿಯೂ ತಗ್ಗಿನ ಬಸ್ಸೂ ಜೊತೆಯಾಗಿ ನಮ್ಮ ಸಣ್ಣ ಊರುಗಳವರೆಗೂ ಬರಬೇಕು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಗಾಲಿಕುರ್ಚಿಗೆ ಯೋಗ್ಯವಾದ ಇಳಿಜಾರಿನ ಪ್ರಮಾಣ ಒಂದಕ್ಕೆ ಹನ್ನೆರಡು. ಒಂದು ಅಡಿ ಎತ್ತರವನ್ನು ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅರ್ಧ ಅಡಿಯ ಮೂರು ಮೆಟ್ಟಿಲುಗಳಿದ್ದರೆ ಎಷ್ಟು ಉದ್ದವಾಗಬೇಕು? ಹದಿನೆಂಟು ಅಡಿ. ಅನೇಕ ಕಡೆ ನಾಲ್ಕು ಅಡಿ ಉದ್ದದ ಸಿಮೆಂಟಿನ ದಿಬ್ಬವೊಂದನ್ನು ಮಾಡಿ ಕೆಲಸ ಮುಗಿಯಿತೆನ್ನುತ್ತಾರೆ. ಅದರ ಮೇಲೆ ಹತ್ತಹೊರಟವನು ಹಿಂದಕ್ಕೆ ಉರುಳುತ್ತಾನೆ. ಬಾಗಿಲಿನ ಅಗಲ 900 ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ಮೂರು ಅಡಿ ಇರಬೇಕು. ಕುರ್ಚಿ ತಿರುಗಲು ಸುಮಾರು ಐದು ಅಡಿಯ ಸ್ಥಳ ಬೇಕು. ತಾವು ಅಳತೆಯ ಪಟ್ಟಿಯನ್ನು ತೆಗೆದುಕೊಂಡು ಪಾಠಶಾಲೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಗ್ರಂಥಾಲಯ, ದೇವಾಲಯ ಇವುಗಳ ಬಾಗಿಲನ್ನೂ ಮೆಟ್ಟಿಲನ್ನೂ ಶೌಚಾಲಯವನ್ನೂ ಅಳೆದು ಒಂದು ಪುಸ್ತಕದಲ್ಲಿ ಬರೆಯಿರಿ. ಅಳೆಯುವಾಗ ಗಾಲಿಕುರ್ಚಿಯಲ್ಲಿ ಓಡಾಡುವ ಒಬ್ಬರನ್ನೂ ಕೋಲು ಹಿಡಿದು ನಡೆಯುವ ಒಬ್ಬರನ್ನೂ ಜೊತೆಗೆ ಕರೆದುಕೊಳ್ಳಿರಿ. ಅವರು ಹೇಳಿದುದನ್ನು ಮೊದಲು ಬರೆಯಿರಿ. ಅಂತಹ ಪುಸ್ತಕವು ಪಂಚಾಯಿತಿಗೂ ಪುರಸಭೆಗೂ ಸಲ್ಲಿಸತಕ್ಕ ಉತ್ತಮವಾದ ಮನವಿಯಾಗುವುದು.

ಮುಂದಿನ ದಿನಗಳಲ್ಲಿ ಯಂತ್ರಗಳು ಬಹಳ ಸಹಾಯ ಮಾಡುವುವು. ಬರೆದುದನ್ನು ಓದಿ ಹೇಳುವ ಮೊಬೈಲು, ಮಾತನ್ನು ಬರಹವಾಗಿ ತೋರಿಸುವ ಮೊಬೈಲು ಈಗಲೇ ಕೈಯಲ್ಲಿವೆ. ಯಾವ ಸ್ಥಳದಲ್ಲಿ ಇಳಿಜಾರಿದೆ, ಯಾವ ಕಡೆ ಇಲ್ಲ ಎಂಬುದನ್ನು ಹೊರಡುವ ಮುನ್ನವೇ ತಿಳಿಯಬಹುದು. ಆದರೆ ಆ ಮಾಹಿತಿಯನ್ನು ಸತ್ಯವಾಗಿ ಬರೆದಿಡುವವರು ಮನುಷ್ಯರೇ. ಸೌಕರ್ಯವಿಲ್ಲದಿದ್ದರೂ ಇದೆಯೆಂದು ಬರೆದ ಒಂದು ಸುಳ್ಳು ಸಾಲಿನಿಂದ ನೂರಾರು ಮೈಲಿ ಪ್ರಯಾಣ ಮಾಡಿ ಬಂದವರು ಬಾಗಿಲಿನಿಂದ ಹಿಂದಿರುಗಬೇಕಾಗುವುದು. ಕಾನೂನು, ಕಟ್ಟಡ, ಯಂತ್ರ ಇವು ಮೂರೂ ಕೂಡಿದರೂ, ಹಸ್ತ ನೀಡುವ ಮೊದಲು "ಸಹಾಯ ಬೇಕೇ?" ಎಂದು ಕೇಳುವ ಸೌಜನ್ಯವನ್ನು ನಾವೇ ಕಲಿಯಬೇಕು.

ಕೊನೆಯದಾಗಿ ಪೋಷಕರಲ್ಲಿ ಒಂದು ಬಿನ್ನಹ. ಮಗುವಿನ ಕೊರತೆಯನ್ನು ಕಂಡು ಜನ ಏನೆನ್ನುವರೋ ಎಂದು ಮನೆಯೊಳಗೆ ಇರಿಸಿಕೊಳ್ಳುವ ತಾಯಿತಂದೆಯರಿದ್ದಾರೆ. ಅವರ ನೋವನ್ನು ನಾವು ಬಲ್ಲೆವು. ಆದರೆ ಮಕ್ಕಳು ಹೊರಗೆ ಬಾರದಿದ್ದರೆ ಊರು ಅವರನ್ನು ಕಾಣುವುದಿಲ್ಲ; ಕಾಣದವರಿಗಾಗಿ ಊರು ದಾರಿ ಕಟ್ಟುವುದೂ ಇಲ್ಲ. ಆದುದರಿಂದ ದಯಮಾಡಿ ಅವರನ್ನು ಕರೆತನ್ನಿರಿ. ಉಪಾಧ್ಯಾಯರಲ್ಲಿಯೂ ಸಂಘದವರಲ್ಲಿಯೂ ನಮ್ಮ ಪ್ರಾರ್ಥನೆಯಿಷ್ಟೆ: ವಾರ್ಷಿಕ ಪ್ರವಾಸದ ಸ್ಥಳವನ್ನು ಆರಿಸುವಾಗ, ಮೊದಲು ಸ್ಥಳವನ್ನು ಗೊತ್ತುಮಾಡಿ ಆಮೇಲೆ ಯಾರು ಬರಲಾರರೆಂದು ಎಣಿಸುವ ಪದ್ಧತಿಯನ್ನು ಬಿಟ್ಟು, ತರಗತಿಯ ಎಲ್ಲ ಮಕ್ಕಳ ಹೆಸರನ್ನೂ ಮೊದಲು ಬರೆದು, ಅವರೆಲ್ಲರೂ ಹೋಗಬಹುದಾದ ಸ್ಥಳವನ್ನು ಆಮೇಲೆ ಗೊತ್ತುಮಾಡಬೇಕು. ಇದಕ್ಕೆ ಸರಕಾರದ ಅಪ್ಪಣೆ ಬೇಕಾಗಿಲ್ಲ. ಹೆಚ್ಚಿನ ಹಣವೂ ಬೇಕಾಗಿಲ್ಲ. ಬರುವ ವರ್ಷದ ಪ್ರವಾಸದಿಂದಲೇ ಇದನ್ನು ಆರಂಭಿಸಬಹುದು.